ಜಮಾ-ಖರ್ಚಿನಿಂದ ಡಾಲರ್‌ವರೆಗೆ: ಅರ್ಥಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಹಣಕಾಸಿನಲ್ಲಿ ಎಂ.ಎ. ಓದುವವರಿಗೆ ಸಮಗ್ರ ಮಾರ್ಗದರ್ಶಿ

ಅಂತರರಾಷ್ಟ್ರೀಯ ಹಣಕಾಸು ಓದಬೇಕು ಎಂದು ಬರುವವರನ್ನು ಯಾಕೆ ಅಂತ ಕೇಳಿದರೆ, ಬಹಳ ಮಂದಿ ಷೇರುಪೇಟೆಯ ಮಾತಾಡುತ್ತಾರೆ. ಇನ್ನು ಕೆಲವರು ಡಾಲರ್ ಎಷ್ಟಕ್ಕೆ ಹೋಗುತ್ತೆ ಅಂತ ಹೇಳಲು ಕಲಿಯಬೇಕು ಅನ್ನುತ್ತಾರೆ. ಎರಡೂ ಈ ಪದವಿಯಲ್ಲಿ ಸಿಗುವುದಿಲ್ಲ. 1983ರಲ್ಲಿ ಮೀಸ್ ಮತ್ತು ರೋಗಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆಗ ಚಾಲ್ತಿಯಲ್ಲಿದ್ದ ವಿನಿಮಯ ದರದ ಪ್ರಮುಖ ಮಾದರಿಗಳನ್ನು ಪರೀಕ್ಷೆಗೆ ಒಡ್ಡಿದರು. 'ನಾಳೆಯ ದರ ಇವತ್ತಿನ ದರವೇ' ಎಂಬ ಮೊದ್ದು ಊಹೆಯನ್ನು ಕೂಡ ಅವು ಅಲ್ಪಾವಧಿಯಲ್ಲಿ ಸೋಲಿಸಲಾರದೆ ಹೋದವು. ಈ ವಿಷಯವನ್ನು ಕಲಿಸುವ ಮೇಷ್ಟರೇ ಮೊದಲ ತಿಂಗಳಲ್ಲಿ ಈ ಸುದ್ದಿ ಹೇಳಿಬಿಡುತ್ತಾರೆ.

ಹಾಗಾದರೆ ಸಿಗುವುದೇನು? ಒಂದು ದೇಶದ ಲೆಕ್ಕದ ಪುಸ್ತಕವನ್ನು ಓದಿ, ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ಯಾವಾಗ ಎದ್ದು ಹೋಗಬಹುದು ಎಂದು ಹೇಳುವ ಶಕ್ತಿ. ಕಿರಾಣಿ ಅಂಗಡಿಯ ಜಮಾ-ಖರ್ಚಿನ ಪುಸ್ತಕ ಓದಬಲ್ಲವರಿಗೆ ಇದರ ಅರ್ಧ ಆಗಲೇ ಬಂದಂತೆ. ಉಳಿದರ್ಧ ಗಣಿತ. ಕೆಳಗೆ ಬರೆದಿರುವುದು ಪದವಿಯ ಕೊನೆಯ ವರ್ಷದಲ್ಲಿರುವ, ಅಥವಾ ಬಿ.ಎ., ಬಿ.ಕಾಂ. ಮುಗಿಸಿ 'ಮುಂದೇನು' ಎಂದು ಕೂತಿರುವ ನಮ್ಮ ಕಡೆಯ ವಿದ್ಯಾರ್ಥಿಗಳಿಗಾಗಿ.

ಹೆಜ್ಜೆ 1: ಕೋರ್ಸಿನ ಹೆಸರನ್ನು ಅಕ್ಷರ ಬಿಡದೆ ಓದಿ

ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಅರ್ಥಶಾಸ್ತ್ರದ ಎಂ.ಎ.ಯೊಳಗೆ ಅಂತರರಾಷ್ಟ್ರೀಯ ಹಣಕಾಸನ್ನು ವಿಶೇಷ ವಿಷಯವಾಗಿ ಓದುವುದು ಬೇರೆ, ಹೆಸರಿನಲ್ಲಿ ಬರೀ 'ಫೈನಾನ್ಸ್' ಇರುವ ಪದವಿ ಬೇರೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್ ಪರೀಕ್ಷೆಗೆ ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ಬಿಸಿನೆಸ್ ಎಕನಾಮಿಕ್ಸ್ ಅಥವಾ ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಇಕನಾಮೆಟ್ರಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಪದವಿ ಪ್ರಮಾಣಪತ್ರದಲ್ಲಿ 'ಅರ್ಥಶಾಸ್ತ್ರ' ಎಂಬ ಶಬ್ದವೇ ಇಲ್ಲದಿದ್ದರೆ ಅರ್ಜಿ ಹಾಕುವಾಗಲೇ ತಕರಾರು. ಬ್ಯಾಂಕಿನ ಟ್ರೆಷರಿ (ಬ್ಯಾಂಕಿನ ಸ್ವಂತ ಹಣ, ಬಾಂಡು, ಡಾಲರ್ ವಹಿವಾಟು ನೋಡುವ ವಿಭಾಗ), ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ರೇಟಿಂಗ್ ಸಂಸ್ಥೆ ಅಥವಾ ಕನ್ಸಲ್ಟಿಂಗ್ ನಿಮ್ಮ ಗುರಿಯಾದರೆ ಈ ಚಿಂತೆ ಬೇಡ.

ನಮ್ಮ ದೇಶದಲ್ಲೇ ಈ ವಿಷಯಕ್ಕೆ ಹತ್ತಿರದ ಕೋರ್ಸುಗಳು ಸಾಕಷ್ಟಿವೆ. ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ವಿಶ್ವ ಅರ್ಥವ್ಯವಸ್ಥೆಯ ವಿಶೇಷತೆಯೊಂದಿಗೆ ಅರ್ಥಶಾಸ್ತ್ರದ ಎಂ.ಎ. ಇದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಫಾರಿನ್ ಟ್ರೇಡ್‌ನಲ್ಲಿ ವ್ಯಾಪಾರ ಮತ್ತು ಹಣಕಾಸಿನ ವಿಶೇಷತೆಯ ಎಂ.ಎ. ಇದೆ. ಪುಣೆಯ ಗೋಖಲೆ ಸಂಸ್ಥೆ 1930ರಿಂದ ಇದೆ. ಅಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಎಕನಾಮಿಕ್ಸ್ ಅಂಡ್ ಫೈನಾನ್ಸ್ ಎಂದೇ ಒಂದು ಎಂ.ಎಸ್ಸಿ. ಇದೆ. ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹಣಕಾಸು ಅರ್ಥಶಾಸ್ತ್ರ ಸಿಗುತ್ತದೆ. ಮುಂಬೈ ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯನ್ನು 1987ರಲ್ಲಿ ಸ್ಥಾಪಿಸಿದ್ದು ರಿಸರ್ವ್ ಬ್ಯಾಂಕೇ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್.ಕ್ಯೂ.ಇ. (ಗಣಿತ ಪ್ರಧಾನ ಅರ್ಥಶಾಸ್ತ್ರದ ಎಂ.ಎಸ್.) ಕೋರ್ಸಿಗೆ ಬೋಧನಾ ಶುಲ್ಕವಿಲ್ಲ, ಮೇಲೆ ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಬೇರೆ. ಆದರೆ ಗಣಿತ ಕಬ್ಬಿಣದ ಕಡಲೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು 1949ರಲ್ಲಿ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿಗೆ ಬಂದು ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಸ್ಥಾಪಿಸಿದರು. ನಾಗರಭಾವಿಯ ಆ ಸಂಸ್ಥೆ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಹೋಗುವವರಿಗೆ. ಅಲ್ಲಿಗೆ ಸಮೀಪದಲ್ಲೇ, ಜ್ಞಾನಭಾರತಿ ಆವರಣದಲ್ಲಿ, ಅಂಬೇಡ್ಕರ್ ಹೆಸರಿನ 'ಬೇಸ್' ವಿಶ್ವವಿದ್ಯಾಲಯವಿದೆ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗಗಳನ್ನು 'ಲೋಕಲ್' ಎಂದು ಮೂಗು ಮುರಿಯುವವರಿದ್ದಾರೆ. ಖರ್ಚು ಕಡಿಮೆ, ಗ್ರಂಥಾಲಯ ಹಳೆಯದು, ಓದಲು ಸಮಯ ಸಿಗುತ್ತದೆ. ಉಳಿದದ್ದನ್ನು ನೀವೇ ಕೂಡಿಸಿಕೊಳ್ಳಬೇಕು.

ಎರಡು ಕೋರ್ಸುಗಳ ನಡುವೆ ಡೋಲಾಯಮಾನವಾಗಿದ್ದರೆ ಕಾಲೇಜಿನ ಜಾಹೀರಾತು ಪಕ್ಕಕ್ಕಿಡಿ. ಸಿಲೆಬಸ್ ತೆಗೆದು ಮೊದಲ ಎರಡು ಸೆಮಿಸ್ಟರಿನಲ್ಲಿ ಇಕನಾಮೆಟ್ರಿಕ್ಸ್ ಎಷ್ಟು ಕ್ರೆಡಿಟ್ ಇದೆ, ಕೊನೆಯಲ್ಲಿ ಪ್ರಬಂಧ ಕಡ್ಡಾಯವೋ ಅಲ್ಲವೋ ನೋಡಿ. ಇವೆರಡೂ ಗಟ್ಟಿಯಿದ್ದರೆ ಕೋರ್ಸು ಗಟ್ಟಿ.

ಹೆಜ್ಜೆ 2: ಸೇರುವ ಮೊದಲೇ ಗಣಿತದ ಸಾಲ ತೀರಿಸಿ

ಪಿಯುಸಿಯಲ್ಲಿ ಎಚ್‌ಇಪಿ ಓದಿ ಬಂದವರು, ಹತ್ತನೇ ತರಗತಿಯಲ್ಲೇ ಗಣಿತಕ್ಕೆ ಕೈಮುಗಿದವರು ನಮ್ಮಲ್ಲಿ ಬಹಳ. ಎಂ.ಎ.ಯಲ್ಲಿ ಅದು ಮತ್ತೆ ಎದುರು ಬಂದು ನಿಲ್ಲುತ್ತದೆ. ನಾನು ಕನ್ನಡ ಮಾಧ್ಯಮದ ಬಿ.ಎ.ಯಿಂದ ಹೋದವನು. ಮೊದಲ ವಾರ ಬೋರ್ಡಿನ ಮೇಲೆ ಲಗ್ರಾಂಜ್ ಬರೆದಾಗ ಅದು ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ನಿರ್ಬಂಧದೊಳಗೆ ಗರಿಷ್ಠ ಹುಡುಕುವ ವಿಧಾನ ಕೊಟ್ಟ ಗಣಿತಜ್ಞನ ಹೆಸರದು.

ನಿಮ್ಮನ್ನು ನೀವೇ ಅಳೆದುಕೊಳ್ಳಲು ಒಂದು ಲೆಕ್ಕ. ಕೈಯಲ್ಲಿ 100 ರೂಪಾಯಿ. ಒಂದು ವಸ್ತುವಿನ ಬೆಲೆ 2, ಇನ್ನೊಂದರದು 5. ತೃಪ್ತಿಯನ್ನು ಎರಡರ ಪ್ರಮಾಣಗಳ ಗುಣಲಬ್ಧ ಎಂದಿಟ್ಟುಕೊಳ್ಳಿ. ಯಾವುದನ್ನು ಎಷ್ಟು ಕೊಂಡರೆ ತೃಪ್ತಿ ಅತಿ ಹೆಚ್ಚು? ಉತ್ತರ 25 ಮತ್ತು 10, ತೃಪ್ತಿ 250. ಲಗ್ರಾಂಜ್ ಗುಣಕ 5 ಬರುತ್ತದೆ. ಇಲ್ಲಿಯವರೆಗೆ ಬಂದಿರಾ? ಹಾಗಾದರೆ ಆ 5 ಏನನ್ನು ಹೇಳುತ್ತದೆ? ಕೈಗೆ ಇನ್ನೊಂದು ರೂಪಾಯಿ ಸಿಕ್ಕರೆ ತೃಪ್ತಿ ಸುಮಾರು 5 ಏರುತ್ತದೆ ಎಂದು. 101 ರೂಪಾಯಿಯಿಟ್ಟು ಲೆಕ್ಕ ಮಾಡಿ, 255.025 ಸಿಗುತ್ತದೆ. ಉತ್ತರ ತೆಗೆದು ನಿಲ್ಲಿಸಿದವರಿಗೆ ಪರೀಕ್ಷೆ ಪಾಸಾಗುತ್ತದೆ; ಆ 5ರ ಅರ್ಥ ಹೇಳಬಲ್ಲವರಿಗೆ ಅರ್ಥಶಾಸ್ತ್ರ ಬರುತ್ತದೆ.

ಬೇಕಾದ ಗಣಿತ ಇಷ್ಟು: ಒಂದು ಮತ್ತು ಹಲವು ಚರಗಳ ಅವಕಲನ, ಸರಳ ಅನುಕಲನ, ಲಾಗರಿದಮ್, ಮ್ಯಾಟ್ರಿಕ್ಸ್, ನಿರ್ಬಂಧವಿರುವ ಗರಿಷ್ಠೀಕರಣ, ಸಂಭವನೀಯತೆ, ಹಂಚಿಕೆಗಳು, ಊಹೆಯ ಪರೀಕ್ಷೆ. ಕೊನೆಯ ಮೂರಕ್ಕೆ ಅರ್ಧ ಸಮಯ ಕೊಡಿ. ಜನ ಅವನ್ನೇ ಉಪೇಕ್ಷಿಸಿ ಆಮೇಲೆ ಒದ್ದಾಡುವುದು. ಚಿಯಾಂಗ್ ಅಥವಾ ಸಿಡ್‌ಸೇಟರ್ ಬರೆದ ಗಣಿತದ ಪಠ್ಯಪುಸ್ತಕಗಳಲ್ಲಿ ಒಂದು ಸಾಕು, ಎರಡು ಬೇಡ. ದಿನಕ್ಕೆ ಎರಡು ಗಂಟೆ, ಆರು ತಿಂಗಳು. ಓದಿದರೆ ಸಾಲದು, ಲೆಕ್ಕ ಬಿಡಿಸಬೇಕು. ಈಜನ್ನು ದಡದಲ್ಲಿ ಕೂತು ಕಲಿತವರಿಲ್ಲ.

ಲಾಗರಿದಮ್ ಬಗ್ಗೆ ಒಂದು ಮಾತು ಸೇರಿಸಬೇಕು. ವಿನಿಮಯ ದರದ ಬಹುಪಾಲು ಸೂತ್ರ ಲಾಗ್‌ನಲ್ಲೇ ಬರೆದಿರುತ್ತದೆ. ಎರಡು ಲಾಗ್‌ಗಳ ವ್ಯತ್ಯಾಸ ಹೆಚ್ಚುಕಡಿಮೆ ಶೇಕಡಾವಾರು ಬದಲಾವಣೆ ಎಂಬ ಒಂದು ಸಂಗತಿ ಮನಸ್ಸಿಗೆ ಇಳಿದರೆ ಮುಂದಿನ ಎಷ್ಟೋ ಪುಟಗಳು ತಾವಾಗಿ ತೆರೆದುಕೊಳ್ಳುತ್ತವೆ.

ಹೆಜ್ಜೆ 3: ಪ್ರವೇಶ ಪರೀಕ್ಷೆ

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮತ್ತು ಇನ್ನೂ ಹಲವು ಸಂಸ್ಥೆಗಳಿಗೆ ಈಗ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯೇ ಮುಖ್ಯ ಬಾಗಿಲು. 2022ರಲ್ಲಿ ಶುರುವಾದ ಈ ಪರೀಕ್ಷೆ ಈಚಿನ ವರ್ಷಗಳಲ್ಲಿ ಮಾರ್ಚ್ ಆಸುಪಾಸಿನಲ್ಲಿ ನಡೆಯುತ್ತಿದೆ. 75 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಇಲ್ಲೇ ಒಂದು ಅರ್ಥಶಾಸ್ತ್ರದ ಲೆಕ್ಕ ಅಡಗಿದೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ನಿರೀಕ್ಷಿತ ಅಂಕ ಕಾಲು: ನಾಲ್ಕರಲ್ಲಿ ಒಂದು ಪಾಲಿಗೆ 4, ಮೂರು ಪಾಲಿಗೆ ಕಡಿತ 1. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಅದೇ ಲೆಕ್ಕ ಮೂರನೇ ಎರಡಕ್ಕೆ ಏರುತ್ತದೆ. ಅಂದರೆ ಕೊನೆಯ ಎರಡು ನಿಮಿಷದಲ್ಲಿ ಖಾಲಿ ಬಿಟ್ಟ ಪ್ರಶ್ನೆಗಳನ್ನು ಹಾಗೇ ಬಿಡುವುದು ನಷ್ಟ. ತಪ್ಪಿಗೆ ಕಡಿತವಿದೆ ಎಂದು ಹೆದರಿ ಬಿಟ್ಟುಬರುವ ಹುಡುಗರು ತಮ್ಮ ವಿಷಯವನ್ನೇ ತಮಗೆ ಅನ್ವಯಿಸಿಕೊಂಡಿಲ್ಲ ಅಷ್ಟೆ.

ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಪರೀಕ್ಷೆ ಮೇ ತಿಂಗಳ ಸುಮಾರಿಗೆ. ಅಲ್ಲಿ ಒಂದು ಪತ್ರಿಕೆ ಆಯ್ಕೆಯ ಗಣಿತ, ಇನ್ನೊಂದು ಬಿಡಿಸಿ ಬರೆಯಬೇಕಾದ ಅರ್ಥಶಾಸ್ತ್ರ. ಹಳೆಯ ಪ್ರಶ್ನೆಪತ್ರಿಕೆಗಳು ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಹತ್ತು ವರ್ಷದವು ಬಿಡಿಸಿದರೆ ಕೋಚಿಂಗ್ ಬೇಕಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಕ್ರೋಗೆ ವೇರಿಯನ್ನರ ಪಠ್ಯ, ಅದರ ಅಭ್ಯಾಸದ ಲೆಕ್ಕಗಳ ಸಮೇತ. ಮ್ಯಾಕ್ರೋಗೆ ಯಾವುದಾದರೂ ಒಂದು ಒಳ್ಳೆಯ ಪದವಿ ಮಟ್ಟದ ಪಠ್ಯ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಹೆಜ್ಜೆ 4: ವಿದೇಶಕ್ಕೆ ಹೋಗುವುದಾದರೆ, ನಿಮ್ಮ ವಿನಿಮಯ ದರದ ಲೆಕ್ಕ ಮೊದಲು

ಇದೇ ಹೆಸರಿನ ಕೋರ್ಸುಗಳು ಹೊರಗೆ ಇವೆ. ವಾಷಿಂಗ್ಟನ್ನಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೈಸ್ ಎಂಬ ಶಾಲೆಯಲ್ಲಿ ಒಂದು, ಬೋಸ್ಟನ್ ಹತ್ತಿರದ ಬ್ರಾಂಡೈಸ್‌ನಲ್ಲಿ ಇನ್ನೊಂದು. ಇಂಗ್ಲೆಂಡಿನ ಎಂ.ಎಸ್ಸಿ.ಗಳು ಹೆಚ್ಚಿನವು ಒಂದೇ ವರ್ಷ. ಊಟ ಮಾಡುತ್ತಲೇ ಓದಬೇಕು. ಜರ್ಮನಿಯಲ್ಲಿ ಬಾನ್, ಮನ್‌ಹೈಮ್ ಒಳ್ಳೆಯ ಹೆಸರು ಪಡೆದಿವೆ.

ಅರ್ಜಿಯಲ್ಲಿ ಹೇಗೆ ಬರೆಯಬೇಕು ಎಂಬ ಬಗ್ಗೆ ಸಲಹೆ ಕೊಡುವವರು ಬೀದಿಗೊಬ್ಬರಿದ್ದಾರೆ, ಹಾಗಾಗಿ ನಾನು ದುಡ್ಡಿನ ಬಗ್ಗೆ ಮಾತ್ರ ಹೇಳುತ್ತೇನೆ. ನೀವು ಸಾಲ ಮಾಡುವುದು ರೂಪಾಯಿಯಲ್ಲಿ, ಕಟ್ಟುವುದು ಡಾಲರ್ ಅಥವಾ ಪೌಂಡಿನಲ್ಲಿ. ಎರಡನೇ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ರೂಪಾಯಿ ಶೇ. 8 ಇಳಿದಿದ್ದರೆ ಮಂಜೂರಾದ ಸಾಲ ಸಾಲದೆ ಹೋಗುತ್ತದೆ. ನನಗೆ ಗೊತ್ತಿರುವ ಹುಡುಗಿಯೊಬ್ಬಳಿಗೆ ಹೀಗೇ ಆಗಿ, ಊರಿನಲ್ಲಿ ಅಪ್ಪ ಚಿನ್ನ ಅಡವಿಡಬೇಕಾಯಿತು. ಸಾಲ ಕೇಳುವಾಗಲೇ ಇಂದಿನ ದರಕ್ಕಿಂತ ಶೇ. 10 ಮೇಲಿಟ್ಟು ಲೆಕ್ಕ ಹಾಕಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹಾಗೆ ಕಳಿಸುವ ಹಣದ ಮೇಲೆ ಬ್ಯಾಂಕು ಮೂಲದಲ್ಲೇ ಸಂಗ್ರಹಿಸುವ ತೆರಿಗೆ (ಟಿಸಿಎಸ್) ಶುರುವಾಗುವ ಮಿತಿ 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿಗೆ ಏರಿದೆ, ಬ್ಯಾಂಕಿನಂಥ ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಆ ತೆರಿಗೆಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. 1892ರಿಂದ ನಡೆದುಬಂದಿರುವ ಜೆ.ಎನ್. ಟಾಟಾ ದತ್ತಿಯ ಸಾಲ-ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿ.

ಅಂದಹಾಗೆ, ನೀವು ಕಟ್ಟಿದ ಆ ಶುಲ್ಕ ದೇಶದ ಲೆಕ್ಕದಲ್ಲಿ 'ಸೇವೆಗಳ ಆಮದು' ಎಂದು, ಪ್ರಯಾಣದ ತಲೆಬರಹದ ಕೆಳಗೆ, ಖರ್ಚಿನ ಕಡೆ ಕೂರುತ್ತದೆ. ಪಾಠ ಶುರುವಾಗುವುದು ಅಲ್ಲಿಂದಲೇ.

ಹೆಜ್ಜೆ 5: ಪಾವತಿ ಶಿಲ್ಕಿನ ಪಟ್ಟಿಯನ್ನು ಬಾಯಿಪಾಠವಲ್ಲ, ಕೈಪಾಠ ಮಾಡಿ

ಇಡೀ ಪದವಿಯಲ್ಲಿ ಒಂದೇ ಒಂದು ವಿಷಯವನ್ನು ಬೇರು ಸಮೇತ ಕಲಿಯಿರಿ ಎಂದರೆ ನಾನು ಪಾವತಿ ಶಿಲ್ಕನ್ನು (ಬ್ಯಾಲೆನ್ಸ್ ಆಫ್ ಪೇಮೆಂಟ್ಸ್), ಅಂದರೆ ದೇಶ ಹೊರಜಗತ್ತಿನೊಂದಿಗೆ ನಡೆಸುವ ಎಲ್ಲ ವ್ಯವಹಾರಗಳ ಲೆಕ್ಕವನ್ನು ತೋರಿಸುತ್ತೇನೆ. ಪರೀಕ್ಷೆಯಲ್ಲಿ 5 ಅಂಕದ ಟಿಪ್ಪಣಿಗೆ ಬರುತ್ತದೆಂದು ಎಲ್ಲರೂ ಹಾರಿಸುವ ಅಧ್ಯಾಯವಿದು.

ನಿಯಮ ಸರಳ: ಪ್ರತಿ ವ್ಯವಹಾರ ಎರಡು ಸಲ ದಾಖಲಾಗುತ್ತದೆ, ಒಂದು ಜಮಾ, ಒಂದು ಖರ್ಚು. ಒಂದು ನೋಟ್‌ಬುಕ್ ಇಟ್ಟು ನಮ್ಮೂರಿನ ವ್ಯವಹಾರಗಳನ್ನೇ ಬರೆಯಿರಿ.

ಬೆಂಗಳೂರಿನ ಕಂಪನಿ ಅಮೆರಿಕದ ಗ್ರಾಹಕನಿಗೆ 100 ಡಾಲರ್ ಬಿಲ್ ಮಾಡಿತು. ಸೇವೆಗಳ ರಫ್ತು, ಚಾಲ್ತಿ ಖಾತೆಯಲ್ಲಿ (ಸರಕು, ಸೇವೆ, ಆದಾಯ, ವರ್ಗಾವಣೆಗಳ ಲೆಕ್ಕ) ಜಮಾ. ಆ ಡಾಲರ್ ನಮ್ಮ ಬ್ಯಾಂಕು ನ್ಯೂಯಾರ್ಕ್‌ನಲ್ಲಿಟ್ಟಿರುವ ಖಾತೆಗೆ ಬಿತ್ತು. ಅಂದರೆ ವಿದೇಶದಲ್ಲಿರುವ ನಮ್ಮ ಆಸ್ತಿ ಹೆಚ್ಚಿತು, ಹಣಕಾಸು ಖಾತೆಯಲ್ಲಿ (ಆಸ್ತಿ ಮತ್ತು ಸಾಲಗಳ ಲೆಕ್ಕ) ಅದು ಖರ್ಚಿನ ಕಡೆ. ಆಸ್ತಿ ಹೆಚ್ಚಾದರೆ ಖರ್ಚು ಹೇಗೆ ಎಂದು ತಲೆ ಕೆಡುತ್ತದೆ. ಚಿನ್ನ ಕೊಂಡರೆ ಮನೆಯಲ್ಲಿ ಆಸ್ತಿ ಹೆಚ್ಚುತ್ತದೆ, ಲೆಕ್ಕದ ಪುಸ್ತಕದಲ್ಲಿ ಖರ್ಚು ಬರೆಯುತ್ತೇವಲ್ಲ, ಹಾಗೆ.

ಮಂಗಳೂರಿನ ಗೋಡಂಬಿ ಕಾರ್ಖಾನೆ ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸಿತು. ಸರಕುಗಳ ಆಮದು, ಖರ್ಚು. ಅದನ್ನೇ ಸುಲಿದು ಹೊರದೇಶಕ್ಕೆ ಮಾರಿತು. ರಫ್ತು, ಜಮಾ. ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಯಿತು, ಜಮಾ.

ಈಗ ಸೂಕ್ಷ್ಮದ್ದು. ಉಡುಪಿ ಕಡೆಯ ಒಬ್ಬರು ದುಬೈನಿಂದ ಅಮ್ಮನ ಖಾತೆಗೆ ಮನೆಖರ್ಚಿಗೆಂದು 1,000 ಡಾಲರ್ ಕಳಿಸಿದರು. ಇದು ದ್ವಿತೀಯಕ ಆದಾಯ, ಚಾಲ್ತಿ ಖಾತೆ. ಯಾರಿಗೂ ತಿರುಗಿ ಕೊಡಬೇಕಾಗಿಲ್ಲ. ಅದೇ ಮನುಷ್ಯ, ಅದೇ ಬ್ಯಾಂಕು, ಅದೇ 1,000 ಡಾಲರ್. ಆದರೆ ತನ್ನ ಹೆಸರಿನ ವಿದೇಶಿ ಕರೆನ್ಸಿ ಠೇವಣಿಗೆ ಹಾಕಿದರೆ ಅದು ದೇಶದ ಮೇಲಿನ ಸಾಲ, ಹಣಕಾಸು ಖಾತೆ. ಅವಧಿ ಮುಗಿದಾಗ ಬಡ್ಡಿ ಸಮೇತ ಕೊಡಬೇಕು. ಪೇಪರಿನಲ್ಲಿ ಎರಡನ್ನೂ 'ಅನಿವಾಸಿ ಭಾರತೀಯರ ಹಣ' ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಇವೆರಡರ ವ್ಯತ್ಯಾಸ ಎಷ್ಟು ದೊಡ್ಡದೆಂದು 1991 ತೋರಿಸಿತು, ಅದಕ್ಕೆ ಬರುತ್ತೇನೆ.

ಇಂಥ ಐವತ್ತು ವ್ಯವಹಾರ ಬರೆದ ಮೇಲೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಹೊರಡಿಸುವ ನಿಜವಾದ ಪಟ್ಟಿ ತೆರೆಯಿರಿ. ಅಂಕಿಗಳು ಮಿಲಿಯನ್ ಡಾಲರ್‌ಗಳಲ್ಲಿರುತ್ತವೆ. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಡಾಲರಿಗೆ 85 ರೂಪಾಯಿ ಹಿಡಿದರೆ 8,500 ಕೋಟಿ ರೂಪಾಯಿ. ಈ ಪರಿವರ್ತನೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು, ಸೊನ್ನೆ ತಪ್ಪಿಸಿದ ಪ್ರಬಂಧಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆಯೇ ಪ್ರತಿ ಶುಕ್ರವಾರದ 'ವಿದೇಶಿ ವಿನಿಮಯ ಮೀಸಲು ಇಳಿಕೆ' ಎಂಬ ಸುದ್ದಿ. ಮೀಸಲಿನಲ್ಲಿ ಯೂರೋ, ಚಿನ್ನ ಕೂಡ ಇದೆ. ಯೂರೋ ಬೆಲೆ ಡಾಲರ್ ಎದುರು ಇಳಿದರೆ ಒಂದು ಡಾಲರನ್ನೂ ಮಾರದೆ ಮೀಸಲಿನ ಅಂಕಿ ಇಳಿಯುತ್ತದೆ. ಪಾವತಿ ಶಿಲ್ಕಿನ ಪಟ್ಟಿಯಲ್ಲಿ ಈ ಮೌಲ್ಯದ ಏರಿಳಿತ ಸೇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ಪೇಪರ್ ಓದುವ ರೀತಿಯೇ ಬದಲಾಗುತ್ತದೆ.

ಕನ್ನಡದಲ್ಲಿ ಓದಿದವರಿಗೆ ಇಲ್ಲಿ ಒಂದು ಹಳ್ಳವಿದೆ. ನಾವು 'ಅಪಮೌಲ್ಯ' ಎಂಬ ಒಂದೇ ಶಬ್ದದಿಂದ ಎರಡು ಬೇರೆ ಸಂಗತಿಗಳನ್ನು ಹೇಳುತ್ತೇವೆ. 1966ರ ಜೂನ್ 6ರಂದು ಸರ್ಕಾರ ಡಾಲರಿನ ದರವನ್ನು 4.76ರಿಂದ 7.50 ರೂಪಾಯಿಗೆ ಏರಿಸಿ ಘೋಷಿಸಿತು. ಅದು ಸರ್ಕಾರ ಮಾಡಿದ್ದು, ಡೀವ್ಯಾಲ್ಯುಯೇಷನ್. ಈಗ ದಿನವೂ ಪೇಟೆಯಲ್ಲಿ ಆಗುವುದು ಡಿಪ್ರಿಸಿಯೇಷನ್, ಕುಸಿತ. ಪರೀಕ್ಷೆಯಲ್ಲಿ ಇವನ್ನು ಅದಲುಬದಲು ಮಾಡಿದರೆ ಉತ್ತರವೇ ತಲೆಕೆಳಗು. ಎರಡು ಕಂಬದ ಒಂದು ಶಬ್ದಪಟ್ಟಿ ಮಾಡಿಕೊಳ್ಳಿ. ಯೋಚನೆ ಕನ್ನಡದಲ್ಲಿ ನಡೆಯಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮೊದಲ ವಾರದಿಂದಲೇ ಇರಲಿ.

ಹೆಜ್ಜೆ 6: ಒಂದು ಮಾದರಿಗೆ ಒಂದು ಘಟನೆ

ತರಗತಿಯಲ್ಲಿ ಮಾದರಿಗಳು ಸಾಲಾಗಿ ಬರುತ್ತವೆ. ಬಿಡಿಬಿಡಿಯಾಗಿ ಓದಿದರೆ ಸೆಮಿಸ್ಟರ್ ಮುಗಿದ ಮರುದಿನ ಮರೆತುಹೋಗುತ್ತವೆ. ನನಗೆ ಫಲಿಸಿದ ಕ್ರಮ: ಮೊದಲು ಸೂತ್ರವನ್ನು ಪುಸ್ತಕ ನೋಡದೆ ಬಿಡಿಸು, ಆಮೇಲೆ ಅದಕ್ಕೊಂದು ನಡೆದ ಘಟನೆ ಗಂಟು ಹಾಕು.

ಬಡ್ಡಿ ಸಮತೆಯಿಂದ ಶುರುಮಾಡಿ. ಲೆಕ್ಕಕ್ಕಾಗಿ ಇವತ್ತು ಡಾಲರ್ 85 ರೂಪಾಯಿ, ನಮ್ಮಲ್ಲಿ ವರ್ಷದ ಬಡ್ಡಿ ಶೇ. 6.5, ಅಮೆರಿಕದಲ್ಲಿ 4.5 ಎಂದಿಟ್ಟುಕೊಳ್ಳಿ. 85 ರೂಪಾಯಿ ಇಲ್ಲಿಟ್ಟರೆ ವರ್ಷಕ್ಕೆ 90.525 ಆಗುತ್ತದೆ, ಒಂದು ಡಾಲರ್ ಅಲ್ಲಿಟ್ಟರೆ 1.045. ಎರಡೂ ಸಮವಾಗಬೇಕಾದರೆ ವರ್ಷದ ಮುಂಗಡ ದರ (ಒಂದು ವರ್ಷದ ನಂತರದ ವಿನಿಮಯಕ್ಕೆ ಇವತ್ತೇ ಗೊತ್ತುಮಾಡುವ ದರ) ಸುಮಾರು 86.63 ಆಗಿರಬೇಕು. ಇಲ್ಲದಿದ್ದರೆ ಯಾರಾದರೂ ಕೂತಲ್ಲೇ ಲಾಭ ಹೊಡೆಯುತ್ತಾರೆ. ಇದು ಭವಿಷ್ಯವಾಣಿಯಲ್ಲ, ಬರೀ ಲೆಕ್ಕ. ಮುಂಗಡ ದರ ಹೆಚ್ಚಿದೆ, ಆದ್ದರಿಂದ ರೂಪಾಯಿ ಬೀಳುತ್ತದೆ ಎಂದು ಟಿವಿಯಲ್ಲಿ ಯಾರಾದರೂ ಹೇಳಿದರೆ ನಕ್ಕು ಚಾನೆಲ್ ಬದಲಿಸಿ.

ಆಮೇಲೆ ತೆರೆದ ಅರ್ಥವ್ಯವಸ್ಥೆಯಲ್ಲಿ ಬಡ್ಡಿ, ವಿನಿಮಯ ದರ ಹೇಗೆ ಕೂಡಿ ನಡೆಯುತ್ತವೆ ಎಂದು ಹೇಳುವ ಮಂಡೆಲ್ ಮತ್ತು ಫ್ಲೆಮಿಂಗ್ ಅವರ ಮಾದರಿ. ಅದರಿಂದ ಹೊರಟ ತ್ರಿಕೋನದ ಮಾತು: ಸ್ಥಿರ ವಿನಿಮಯ ದರ, ಮುಕ್ತ ಬಂಡವಾಳ ಸಂಚಾರ, ಸ್ವತಂತ್ರ ಬಡ್ಡಿ ನೀತಿ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಹಾಂಗ್‌ಕಾಂಗ್ 1983ರಿಂದ ತನ್ನ ಕರೆನ್ಸಿಯನ್ನು ಅಮೆರಿಕನ್ ಡಾಲರಿಗೆ ಕಟ್ಟಿದೆ, ಬಾಗಿಲನ್ನೂ ತೆರೆದಿಟ್ಟಿದೆ. ಹಾಗಾಗಿ ಅಮೆರಿಕ ಬಡ್ಡಿ ಏರಿಸಿದರೆ ತಾನೂ ಏರಿಸಬೇಕು, ಅಲ್ಲಿ ಮನೆ ಸಾಲಗಾರರು ಅಳಲಿ ಬಿಡಲಿ. ಬ್ರಿಟನ್ ಮೂರನ್ನೂ ಹಿಡಿದಿಡಲು ಹೋಗಿ 1992ರ ಸೆಪ್ಟೆಂಬರ್ 16ರಂದು ಯುರೋಪಿನ ವಿನಿಮಯ ವ್ಯವಸ್ಥೆಯಿಂದ ಹೊರಬಿತ್ತು. ಭಾರತ ಮೂರರಲ್ಲೂ ಅಷ್ಟಷ್ಟು ಹಿಡಿದು, ಮೀಸಲನ್ನು ಮೆತ್ತೆಯಾಗಿ ಇಟ್ಟುಕೊಂಡು ಮಧ್ಯದಲ್ಲಿ ನಿಂತಿದೆ.

1976ರ ಡಾರ್ನ್‌ಬುಷ್ ಮಾದರಿ ಎಲ್ಲರನ್ನೂ ಹೆದರಿಸುತ್ತದೆ. ವಿನಿಮಯ ದರ ತಾನು ಸೇರಬೇಕಾದ ಜಾಗಕ್ಕಿಂತ ಮೊದಲು ಮುಂದಕ್ಕೆ ಜಿಗಿದು ಆಮೇಲೆ ಹಿಂದೆ ಬರುವುದು ಯಾಕೆ? ದರ್ಶಿನಿ ಹೋಟೆಲಿನ ಬೆಲೆಪಟ್ಟಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಡಾಲರಿನ ದರ ಕ್ಷಣಕ್ಕೊಮ್ಮೆ. ಹಣದ ಪೂರೈಕೆ ಹೆಚ್ಚಿದ ದಿನ ದೋಸೆಯ ಬೆಲೆ ಅಲುಗುವುದಿಲ್ಲ; ಹೊಂದಾಣಿಕೆಯ ಭಾರವೆಲ್ಲ ಡಾಲರಿನ ದರದ ಮೇಲೆ ಬೀಳುತ್ತದೆ, ಅದು ಅತಿಯಾಗಿ ಜಿಗಿಯುತ್ತದೆ. ಈ ಚಿತ್ರ ತಲೆಯಲ್ಲಿದ್ದರೆ ಸಮೀಕರಣ ಅಷ್ಟು ಕಷ್ಟವಲ್ಲ.

ಇನ್ನು 1991. ಇದಕ್ಕೆ ಒಂದು ವಾರ ಮೀಸಲಿಡಿ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ತೈಲದ ಬಿಲ್ ಏರಿತು, ಅಲ್ಲಿದ್ದ ನಮ್ಮವರು ವಾಪಸಾದರು, ಅವರು ಕಳಿಸುವ ಹಣ ನಿಂತಿತು. ಇಷ್ಟು ಚಾಲ್ತಿ ಖಾತೆಯ ಕಥೆ. ಆಮೇಲೆ ನಡೆದದ್ದು ಹಣಕಾಸು ಖಾತೆಯಲ್ಲಿ: ರೇಟಿಂಗ್ ಸಂಸ್ಥೆಗಳು ಭಾರತದ ದರ್ಜೆ ಇಳಿಸಿದವು, ಅಲ್ಪಾವಧಿ ಸಾಲ ಸಿಗದಾಯಿತು, ಅನಿವಾಸಿಗಳ ಠೇವಣಿ ಎದ್ದುಹೋಗತೊಡಗಿತು. ಅಮ್ಮನಿಗೆ ಕಳಿಸಿದ ಹಣ ಕಡಿಮೆಯಾಗಬಹುದು, ಹಿಂದಕ್ಕೆ ಓಡಲಾರದು, ಠೇವಣಿ ಓಡುತ್ತದೆ. ಮೀಸಲು ಎರಡು-ಮೂರು ವಾರದ ಆಮದಿಗಷ್ಟೇ ಉಳಿಯಿತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಮಾರಿ, ಜುಲೈನಲ್ಲಿ ಸುಮಾರು 47 ಟನ್ ಅಡವಿಟ್ಟು ಡಾಲರ್ ತರಬೇಕಾಯಿತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಮೌಲ್ಯ ಇಳಿಸಿದರು. 1993ರ ಮಾರ್ಚಿನಲ್ಲಿ ಎರಡು ದರಗಳು ಹೋಗಿ ಪೇಟೆಯ ಒಂದೇ ದರ ಬಂತು, 1994ರ ಆಗಸ್ಟಿನಲ್ಲಿ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿಯ ಪರಿವರ್ತನೆ ಮುಕ್ತವಾಯಿತು. ಆ ವರ್ಷಗಳ ಪಾವತಿ ಶಿಲ್ಕಿನ ಪಟ್ಟಿ ರಿಸರ್ವ್ ಬ್ಯಾಂಕಿನ ದತ್ತಾಂಶ ಜಾಲತಾಣದಲ್ಲಿದೆ. ಸಾಲು ಸಾಲಾಗಿ ನೋಡಿ, ಈ ಕಥೆ ಅಂಕಿಗಳಲ್ಲಿ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ಗುರುತಿಸಿ.

ಜೊತೆಗೆ 2013 ಓದಿ. ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಬರ್ನಾಂಕೆ ಬಾಂಡು ಕೊಳ್ಳುವುದನ್ನು ಕಡಿಮೆ ಮಾಡುವ ಮಾತಾಡಿದರು. ಆಗಸ್ಟ್ 28ರ ಹೊತ್ತಿಗೆ ಡಾಲರ್ 69 ರೂಪಾಯಿ ಹತ್ತಿರಕ್ಕೆ ಬಂದಿತ್ತು. ಸೆಪ್ಟೆಂಬರಿನಿಂದ ರಿಸರ್ವ್ ಬ್ಯಾಂಕ್ ಅಗ್ಗದ ದರದಲ್ಲಿ ಸ್ವಾಪ್ (ಈಗ ಡಾಲರ್ ಪಡೆದು ರೂಪಾಯಿ ಕೊಟ್ಟು, ಮುಂದೆ ಗೊತ್ತುಮಾಡಿದ ದರಕ್ಕೆ ಡಾಲರ್ ಹಿಂತಿರುಗಿಸುವ ಒಪ್ಪಂದ) ಕೊಟ್ಟು ಬ್ಯಾಂಕುಗಳ ಮೂಲಕ 30 ಶತಕೋಟಿಗೂ ಹೆಚ್ಚು ಡಾಲರ್ ತರಿಸಿತು. ಅದರಲ್ಲಿ ದೊಡ್ಡ ಪಾಲು ಯಾವುದು? ಅದೇ ಅನಿವಾಸಿಗಳ ವಿದೇಶಿ ಕರೆನ್ಸಿ ಠೇವಣಿ. 1991ರಲ್ಲಿ ಮುಳುಗಿಸಿದ ಹಗ್ಗವನ್ನೇ 2013ರಲ್ಲಿ ಹಿಡಿದು ಮೇಲೆ ಬಂದದ್ದು ಹೇಗೆ, ಷರತ್ತು ಏನು ಬದಲಾಗಿತ್ತು ಎಂಬುದು ಒಂದು ಒಳ್ಳೆಯ ಸೆಮಿನಾರ್ ವಿಷಯ.

ಹೆಜ್ಜೆ 7: ಇಕನಾಮೆಟ್ರಿಕ್ಸ್, ಮತ್ತು ಸುಳ್ಳು ಸಂಬಂಧಗಳು

ವೂಲ್ಡ್ರಿಜ್ ಬರೆದ ಪರಿಚಯ ಪಠ್ಯ ಮತ್ತು ಉಚಿತವಾಗಿ ಸಿಗುವ 'ಆರ್' ತಂತ್ರಾಂಶ, ಇಷ್ಟಿದ್ದರೆ ಶುರುಮಾಡಬಹುದು. ಎಚ್ಚರಿಕೆ ಒಂದೇ. ವಿನಿಮಯ ದರದಂತಹ ಅಂಕಿಸರಣಿಗಳು ಕಾಲದೊಂದಿಗೆ ಒಂದೇ ದಿಕ್ಕಿಗೆ ತೇಲುತ್ತವೆ. ನಿಮ್ಮೂರಿನ ಮೊಬೈಲ್ ಟವರುಗಳ ಸಂಖ್ಯೆ ಮತ್ತು ಡಾಲರಿನ ದರ, ಇವೆರಡನ್ನೂ ಹಾಗೇ, ಒಂದು ಇನ್ನೊಂದನ್ನು ಎಷ್ಟು ವಿವರಿಸುತ್ತದೆ ಎಂದು ಅಳೆಯುವ ರಿಗ್ರೆಷನ್‌ಗೆ ಹಾಕಿದರೆ ಅದ್ಭುತವಾದ ಸಂಬಂಧ ಕಾಣುತ್ತದೆ. 1974ರಲ್ಲಿ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಈ ಮೋಸವನ್ನು ತೋರಿಸಿಕೊಟ್ಟರು. ಮೊದಲು ಯೂನಿಟ್ ರೂಟ್ ಪರೀಕ್ಷೆ (ಸರಣಿ ಹೀಗೆ ತೇಲುತ್ತಿದೆಯೇ ಎಂದು ನೋಡುವುದು), ಅಗತ್ಯವಿದ್ದರೆ ಪ್ರತಿ ಅಂಕಿಗೂ ಅದರ ಹಿಂದಿನದಕ್ಕೂ ವ್ಯತ್ಯಾಸ ತೆಗೆಯುವುದು, ಆಮೇಲೆ ಉಳಿದದ್ದು. ಫಲಿತಾಂಶ ತುಂಬಾ ಚೆನ್ನಾಗಿ ಬಂದಿದೆ ಅನ್ನಿಸಿದಾಗ ಮೊದಲು ಅನುಮಾನಪಡಿ.

ಹೆಜ್ಜೆ 8: ಪ್ರಬಂಧಕ್ಕೆ ಮನೆಯ ಹತ್ತಿರದ ಪ್ರಶ್ನೆ

'ಜಾಗತೀಕರಣ ಮತ್ತು ಭಾರತದ ಆರ್ಥಿಕತೆ' ಎಂಬಂತಹ ವಿಷಯ ತೆಗೆದುಕೊಂಡರೆ ಗೈಡ್ ಸಹಿ ಹಾಕುತ್ತಾರೆ, ಯಾರೂ ಓದುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ. ಅರೇಬಿಕಾದ ಬೆಲೆ ನ್ಯೂಯಾರ್ಕ್‌ನಲ್ಲಿ, ರೋಬಸ್ಟಾದ ಬೆಲೆ ಲಂಡನ್ನಿನಲ್ಲಿ, ಎರಡೂ ಡಾಲರಿನಲ್ಲಿ ನಿರ್ಧಾರವಾಗುತ್ತವೆ. ಡಾಲರ್ ಒಂದು ರೂಪಾಯಿ ಏರಿದರೆ ಅದರಲ್ಲಿ ಎಷ್ಟು ಪೈಸೆ ಸಕಲೇಶಪುರದ ಬೆಳೆಗಾರನ ಕೈಗೆ ತಲುಪುತ್ತದೆ, ಎಷ್ಟು ದಿನಕ್ಕೆ ತಲುಪುತ್ತದೆ? ಏರುವಾಗಿನ ವೇಗವೇ ಇಳಿಯುವಾಗಲೂ ಇದೆಯೇ? ಕಾಫಿ ಮಂಡಳಿ ಬೆಲೆಗಳನ್ನು ಪ್ರಕಟಿಸುತ್ತದೆ, ವಿನಿಮಯ ದರ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ, ಅಂತರರಾಷ್ಟ್ರೀಯ ಬೆಲೆ ವಿಶ್ವಬ್ಯಾಂಕಿನ ಸರಕು ಬೆಲೆಪಟ್ಟಿಯಲ್ಲಿ ಸಿಗುತ್ತದೆ. ಮೂರು ಕಡತ, ಒಂದು ಪ್ರಶ್ನೆ, ಆರು ತಿಂಗಳ ಕೆಲಸ. ದತ್ತಾಂಶ ಕೈಗೆ ಬರುವ ತನಕ ಶೀರ್ಷಿಕೆ ನೋಂದಾಯಿಸಬೇಡಿ. ಸಿಕ್ಕೇ ಸಿಗುತ್ತದೆಂದು ನಂಬಿ ಕೂತು ನಾನು ಒಂದು ಸೆಮಿಸ್ಟರ್ ಕಳೆದುಕೊಂಡಿದ್ದೇನೆ.

ಹೆಜ್ಜೆ 9: ಮೂರನೇ ಸೆಮಿಸ್ಟರಿನಲ್ಲೇ ಕೆಲಸದ ಕಡೆ ಒಂದು ಕಣ್ಣು

ಇಂಡಿಯನ್ ಎಕನಾಮಿಕ್ ಸರ್ವೀಸ್‌ಗೆ ವಯಸ್ಸು 21ರಿಂದ 30, ಮೀಸಲಾತಿಯ ಸಡಿಲಿಕೆ ಪ್ರತ್ಯೇಕ. ಆರು ಪತ್ರಿಕೆಗಳಲ್ಲಿ ನಾಲ್ಕು ಅರ್ಥಶಾಸ್ತ್ರದ್ದೇ, ತಲಾ 200 ಅಂಕ; ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನಕ್ಕೆ ತಲಾ 100, ಸಂದರ್ಶನಕ್ಕೆ 200. ಎಂ.ಎ.ಯ ಟಿಪ್ಪಣಿಗಳನ್ನು ನೀಟಾಗಿ ಇಟ್ಟುಕೊಂಡವರಿಗೆ ಅರ್ಧ ತಯಾರಿ ಮುಗಿದಿರುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ಗ್ರೇಡ್ ಬಿ ಹುದ್ದೆಗಳಲ್ಲಿ ಡಿಇಪಿಆರ್ (ಆರ್ಥಿಕ ಮತ್ತು ನೀತಿ ಸಂಶೋಧನೆ) ಎಂಬ ಪ್ರತ್ಯೇಕ ವಿಭಾಗವಿದೆ, ಅದು ಅರ್ಥಶಾಸ್ತ್ರದವರಿಗೇ. ಪಾಠ ಮಾಡುವ ಆಸೆಯಿದ್ದರೆ ನೆಟ್ ಮತ್ತು ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳು. ಖಾಸಗಿಯಲ್ಲಿ ಬ್ಯಾಂಕುಗಳ ಟ್ರೆಷರಿ, ರೇಟಿಂಗ್ ಸಂಸ್ಥೆಗಳು, ಬೆಂಗಳೂರಿನಲ್ಲಿ ಕಚೇರಿ ತೆರೆದಿರುವ ವಿದೇಶಿ ಬ್ಯಾಂಕುಗಳ ರಿಸ್ಕ್ ವಿಭಾಗಗಳು. ಅಲ್ಲಿ ಪದವಿಯ ಹೆಸರಿಗಿಂತ ನೀವು ಬರೆದ ಕೋಡ್ ಮತ್ತು ಪ್ರಬಂಧ ಕೇಳುತ್ತಾರೆ.

ಸಂದರ್ಶನಕ್ಕೆ ಹೋಗುವ ಮುನ್ನಿನ ದಿನ ಹೊಸದಾಗಿ ಏನೂ ಓದಬೇಡಿ. ಇತ್ತೀಚಿನ ತ್ರೈಮಾಸಿಕದ ಪಾವತಿ ಶಿಲ್ಕಿನ ಪಟ್ಟಿಯನ್ನು ಪ್ರಿಂಟ್ ತೆಗೆದು, ಚಾಲ್ತಿ ಖಾತೆಯ ಕೊರತೆ ಎಷ್ಟು, ಅದನ್ನು ತುಂಬಿದ ಹಣದಲ್ಲಿ ಉಳಿಯುವುದೆಷ್ಟು, ಎದ್ದು ಓಡಬಹುದಾದದ್ದೆಷ್ಟು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋಗಿ.